ಬನ್ನಿ ಗಿಡದ ಕೆಳಗೆ ಕಂಡಷ್ಟು

ಸೃಷ್ಟಿಸೌಂದರ್ಯ ಎನ್ನುವ ಮಾತು ಆ ಊರಿನಲ್ಲಿ ಶಾಲೆಯ ಪುಸ್ತಕ ಬಿಟ್ಟು ಹೊರಗೆ ಬಂದದ್ದನ್ನು ನಾನು ಕಾಣೆ. ಸಂಶಿಯಿಂದ ಆಚೆಗೆ, ಎರೆ ಹೊಲಗಳ ನಡುವೆ ಇರುವ ಸಣ್ಣ ಊರು. ಮಾಳಿಗೆ ಹತ್ತಿ ನಾಲ್ಕೂ ದಿಕ್ಕಿಗೆ ನೋಡಿದರೆ ಕರಿ ನೆಲ, ನೆಲ ಮುಗಿದಲ್ಲಿ ಮುಗಿಲು. ನಾನು ದೇವಿಕೊಪ್ಪದ ಕಡೆಯವಳು. ನಮ್ಮಲ್ಲಿ ಕಾಡು ಹಿತ್ತಲಿನವರೆಗೆ ಬಂದು ನಿಂತಿರುತ್ತಿತ್ತು; ಮರ ಅಡ್ಡ ಬಂತೆಂದು ಜಗಳ ತೆಗೆದರೆ ಆಯುಷ್ಯವೆಲ್ಲ ಜಗಳವನ್ನೇ ಆಡಬೇಕಾಗುತ್ತಿತ್ತು. ಎಂಬತ್ತರ ದಶಕದ ಆರಂಭದಲ್ಲಿ ಲಗ್ನವಾಗಿ ಈ ಬಯಲಿಗೆ ಬಂದ ಮೊದಲ ವಾರವೇ ಬಾಯಿ ತಡೆಯದೆ ಅತ್ತೆಯವರನ್ನು ಕೇಳಿಬಿಟ್ಟಿದ್ದೆ: "ಈ ಊರಾಗ ನೋಡೂವಂಥಾದ್ದು ಏನೈತ್ರಿ?"

ಜೋಳ ಹಸನು ಮಾಡುತ್ತಿದ್ದ ಅತ್ತೆಯವರು ಮೊರ ಕೆಳಗಿಟ್ಟು, ನನ್ನ ಅಜ್ಞಾನಕ್ಕೆ ಕನಿಕರಪಟ್ಟು ಹೇಳಿದರು: "ಯಾಕಬೇ, ದಿನಾ ನಾಕ್ ಸಲ ಬಸ್ ಬರತೈತಲ್ಲ?"

ಚೇಷ್ಟೆಗೆ ಹೇಳಿದ ಮಾತಲ್ಲ ಅದು. ಹುಬ್ಬಳ್ಳಿಯಿಂದ ಬರುವ ಕೆಂಪು ಬಸ್ಸಿಗೆ ನಮ್ಮೂರೇ ಕೊನೆ. ಬಂದು, ಧೂಳೆಬ್ಬಿಸಿ, ಮಂದಿಯನ್ನು ಇಳಿಸಿ, ಹತ್ತು ನಿಮಿಷ ನಿಂತು, ಮೂತಿ ತಿರುಗಿಸಿಕೊಂಡು ವಾಪಸು ಹೋಗುತ್ತಿತ್ತು. ಯಾರು ಇಳಿದರು, ಯಾರು ಹತ್ತಿದರು, ಹತ್ತಿದವರು ನಗುತ್ತ ಹತ್ತಿದರೋ ಮೂಗು ಒರೆಸಿಕೊಳ್ಳುತ್ತ ಹತ್ತಿದರೋ, ಇದೇ ನಮ್ಮೂರಿನ ಗುಡ್ಡ, ನದಿ, ಜಲಪಾತ. ಈ ನೋಟ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತಿದ್ದದ್ದು ನಮ್ಮ ಮನೆಯ ಕಟ್ಟೆಯಿಂದ. ಆ ಕಟ್ಟೆಯ ಮೇಲೆ ಕೂತಿರುತ್ತಿದ್ದವರು ಅಕ್ಕಾರು.

ಅಕ್ಕಾರು ಎಂದರೆ ನಮ್ಮ ಮಾವನವರ ಅಕ್ಕ. ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ಲಗ್ನ, ಕುಬಸ, ತೊಟ್ಟಿಲು ಯಾವುದಕ್ಕೂ ಅವರನ್ನು ಕರೆಯುವವರಿಲ್ಲ. ಕರೆದರೂ ಮುಂದೆ ಕೂರಿಸುವವರಿಲ್ಲ. ಅಡುಗೆಮನೆ ಅತ್ತೆಯವರದು, ಹೊಲ ಮಾವನವರದು. ಅಕ್ಕಾರಿಗೆ ಉಳಿದದ್ದು ಸೊಂಟದೆತ್ತರದ ಆ ಕಲ್ಲಿನ ಕಟ್ಟೆ, ಮತ್ತು ಅಲ್ಲಿಂದ ಕಾಣುವ ಬಸ್ಸು. ಅಷ್ಟರಲ್ಲೇ ಅವರು ಒಂದು ಕಚೇರಿ ನಡೆಸುತ್ತಿದ್ದರು. ಓಣಿಯ ಹೆಂಗಸರು ಬಂದು, "ಅಕ್ಕಾರ, ನಮ್ಮನಿಯವ್ರು ಬಂದ್ರೇನ್ರಿ?" ಎಂದು ಕೇಳಿದರೆ, "ಬಂದಾನ, ಸಂಜಿ ಬಸ್ಸಿಗೆ. ನೆಟ್ಟಗ ನಡ್ಯಾಕತ್ತಿದ್ದಿಲ್ಲ. ರೊಟ್ಟಿ ಬಡಿಯಾಕ ಹೋಗಬ್ಯಾಡ, ಮಜ್ಜಿಗಿ ಮಾಡಿಡು" ಎಂದು ಉತ್ತರ ಸಿಗುತ್ತಿತ್ತು. ಊರಿನ ಅರ್ಧ ಸಂಸಾರಗಳು ಅವರ ವರದಿ ಕೇಳಿ ಒಲೆ ಹಚ್ಚುತ್ತಿದ್ದವು.

ನಾನು ಮದುವೆಯಾಗಿ ಬಸ್ಸಿಳಿದ ದಿನ, ಇನ್ನೂ ಹೊಸ್ತಿಲ ಮೇಲಿನ ಅಕ್ಕಿಯ ಸೇರು ಒದ್ದಿರಲಿಲ್ಲ, ಕಟ್ಟೆಯ ಮೇಲಿಂದ ಧ್ವನಿ ಬಂತು: "ಟ್ರಂಕು ಹಗರ ಐತಿ. ಒಬ್ಬಾವ ಒಂದ ಕೈಲೆ ಹಿಡಕೊಂಡು ಬಂದ." ಆ ಸಿಟ್ಟು ನನಗೆ ವರ್ಷಗಟ್ಟಲೆ ಇತ್ತು. ನಿಜ ಹೇಳಬೇಕೆಂದರೆ ಈಗಲೂ ಸ್ವಲ್ಪ ಇದೆ.

ನಮ್ಮ ಕಟ್ಟೆಗೂ ಬಸ್ಸು ನಿಲ್ಲುವ ಜಾಗಕ್ಕೂ ನಡುವೆ ಪಕ್ಕದ ಮನೆಯವರ ಖುಲ್ಲಾ ಜಾಗವಿತ್ತು. ಮಾವನವರ ವಯಸ್ಸಿನ ಆ ಮನೆಯ ಯಜಮಾನನನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಅವರ ಜಾಗದಲ್ಲಿ ಒಂದು ಬನ್ನಿ ಗಿಡ. ನಮ್ಮ ಕಡೆ ಮರಕ್ಕೂ ಗಿಡವೆಂದೇ ಅನ್ನುವುದು. ಕಾಕಾ ಪ್ರತಿ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಕೊಡಲಿ ಹಿಡಿದು ಅದರ ಟೊಂಗೆಗಳನ್ನೆಲ್ಲ ಸವರಿ, ಮುಳ್ಳನ್ನು ಹೊಲದ ಬೇಲಿಗೆ ಒಯ್ಯುತ್ತಿದ್ದರು. ಹೀಗಾಗಿ ಗಿಡವೆನ್ನುವುದು ಹೆಸರಿಗೆ. ಅದೊಂದು ಮೊಂಡು ಕಂಬ. ಅಕ್ಕಾರಿಗೂ ಬಸ್ಸಿಗೂ ನಡುವೆ ಆಗಾಗ ಅಡ್ಡ ಬರುತ್ತಿದ್ದದ್ದು ಕಾಕಾನ ಎಮ್ಮೆ ಮಾತ್ರ.

ನಾನು ಬಂದ ಎರಡನೆಯ ವರ್ಷ ಕಾಕಾನ ಮಗಳು ಮಧ್ಯಾಹ್ನದ ಬಸ್ಸಿಗೆ ಬಂದಿಳಿದಳು. ನನ್ನದೇ ವಯಸ್ಸು. ಕುಬಿಹಾಳದ ಕಡೆಯ ಹುಡುಗನಿಗೆ ಕೊಟ್ಟಿದ್ದರು. ಅತ್ತೆಯೊಡನೆ ಏನೋ ಮಾತಿಗೆ ಮಾತು ಬೆಳೆದು, ಗಂಡ, "ನಾಕ್ ದಿನ ತವರ್ಮನ್ಯಾಗ ಇರು, ನಾನs ಬಂದು ಕರಕೊಂಡು ಹೊಕ್ಕೀನಿ" ಎಂದು ಬಸ್ಸು ಹತ್ತಿಸಿ ಕಳಿಸಿದ್ದನಂತೆ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ಓಣಿಗೆ ತಿಳಿದದ್ದು ಅಕ್ಕಾರು ಕಟ್ಟೆಯ ಮೇಲಿಂದ ತುಂಬಿದ ಧ್ವನಿಯಲ್ಲಿ ಹೇಳಿದ್ದಷ್ಟೇ: "ಟ್ರಂಕೂ ಬಂತು, ಹಾಸಿಗೀನೂ ಬಂತು. ಹಬ್ಬಕ್ಕ ಬಂದಾಕಿ ಹಾಸಿಗಿ ತರೂದಿಲ್ಲವ್ವಾ."

ಹುಡುಗಿ ಬಸ್ಸಿನಿಂದ ಮನೆಗೆ ನಡೆದು ಬರುವುದರೊಳಗೆ ಸುದ್ದಿ ಅವಳಿಗಿಂತ ಮುಂಚೆ ಮನೆ ಮುಟ್ಟಿತ್ತು. ಬಾಗಿಲಲ್ಲಿ ನಿಂತ ತಾಯಿ "ಬಾ" ಎನ್ನಲಿಲ್ಲ, "ಯಾಕ ಬಂದಿ?" ಎಂದಳು.

ಸಂಜೆ ಕಾಕಾ ಬಂದು ನಮ್ಮ ಕಟ್ಟೆಯ ಮುಂದೆ ನಿಂತರು. ಬೈಯಲಿಲ್ಲ, ಕೂಗಲಿಲ್ಲ. "ಅಕ್ಕಾರ, ನಿಮ್ಮ ಕಣ್ಣು ಭಾಳ ಚಲೋ ಅದಾವ್ರಿ. ಅದಕ್ಕ ನನ್ನ ಕಡೆ ಔಷಧ ಐತಿ" ಎಂದರು. ಮನೆಗೆ ಹೋಗಿ ಕೊಡಲಿಯನ್ನು ಜಂತಿಗೆ ಸಿಕ್ಕಿಸಿದರು. ಆ ವರ್ಷ ಬನ್ನಿಗೆ ಕೊಡಲಿ ಮುಟ್ಟಲಿಲ್ಲ. ಹೊಲದ ಬೇಲಿಗೆ ಬೇರೆ ಎಲ್ಲಿಂದಲೋ ಜಾಲಿ ಮುಳ್ಳು ತಂದರು.

ಇದಕ್ಕಿಂತ ಜಾಣ ಜಗಳವನ್ನು ನಾನು ಕಂಡಿಲ್ಲ. ಏನಾದರೂ ಮಾಡಿದವನ ಮೇಲೆ ಫಿರ್ಯಾದಿ ಕೊಡಬಹುದು. ಏನೂ ಮಾಡದೆ ಸುಮ್ಮನೆ ಕೂತವನ ಮೇಲೆ ಎಲ್ಲಿ ಕೊಡುವುದು? ಗಿಡ ಅವರದು, ಜಾಗ ಅವರದು, ಕಡಿಯದೇ ಇರುವ ಕೈಯೂ ಅವರದೇ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಮೊಂಡು ಕಂಬ ಮೈತುಂಬ ಚಿಗುರಿ, ಟೊಂಗೆ ಚಾಚಿ, ನೆಲಕ್ಕೆ ತೂಗಿ, ನಮ್ಮ ಕಟ್ಟೆಗೂ ಬಸ್ಸಿಗೂ ನಡುವೆ ಹಸಿರು ಪರದೆ ಎಳೆದುಬಿಟ್ಟಿತು.

ನಾನು ಒಳಗೊಳಗೇ ಆ ಗಿಡಕ್ಕೆ ಕೈ ಮುಗಿದೆ. ಬಾವಿಗೆ ಹೋದವಳು ಎಷ್ಟು ಹೊತ್ತು ನಿಂತೆ, ಯಾರೊಡನೆ ನಕ್ಕೆ ಎಂಬ ಲೆಕ್ಕ ಕೇಳುವವರು ಈಗ ಇರಲಿಲ್ಲ. ಕಾಕಾ ನನಗಾಗಿ ಮಾಡಿದ ಉಪಕಾರವಲ್ಲ, ಆದರೂ ಉಪಕಾರವೇ.

ಅಕ್ಕಾರಿಗೆ ಮಾತ್ರ ಕಚೇರಿ ಹೋಯಿತು. ಮೊದಲ ಕೆಲವು ತಿಂಗಳು ಬಸ್ಸಿನ ಸಪ್ಪಳ ಕೇಳಿಯೇ ವರದಿ ಕೊಡುತ್ತಿದ್ದರು. ಯಾರದೋ ಕೆಮ್ಮು ಕೇಳಿ, ಓಣಿಯ ಕೊನೆಯ ಮನೆಯಾಕೆಗೆ "ನಿನ್ನ ಮಗ ಬಂದ ನೋಡು" ಎಂದರು. ಆಕೆ ಗಡಿಬಿಡಿಯಲ್ಲಿ ಮಾದಲಿ ಮಾಡಿ, ತುಪ್ಪ ಹಾಕಿ ಕಾದಳು. ಬಂದವನು ಕಂಡಕ್ಟರ. ಅಲ್ಲಿಂದ ಮುಂದೆ ಹೆಂಗಸರು ಕಟ್ಟೆಗೆ ಬರುವುದನ್ನು ಬಿಟ್ಟರು. ಬಂದರೂ ಸೆರಗು ಬಾಯಿಗೆ ಅಡ್ಡ ಹಿಡಿದು ನಗಲಿಕ್ಕೆ ಬಂದರು. ಅಕ್ಕಾರು ಮಾತ್ರ ಹೊತ್ತಿಗೆ ಸರಿಯಾಗಿ ಕಟ್ಟೆಗೆ ಬಂದು, ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿಕೊಂಡು, ಎಲೆಗಳನ್ನು ನೋಡುತ್ತ ಕೂರುತ್ತಿದ್ದರು. ಅವರನ್ನು ಕಂಡರಾಗದ ನನಗೂ ಅದನ್ನು ನೋಡುವುದು ಕಷ್ಟವಾಗುತ್ತಿತ್ತು.

ಹೊರಗೆ ಕೆಲಸವಿಲ್ಲದ ಅಕ್ಕಾರು ಒಳಗೆ ಬಂದರು. ರೊಟ್ಟಿಯ ಅಂಚು ದಪ್ಪವೆಂದರು, ಪಲ್ಯಕ್ಕೆ ಉಪ್ಪು ಕಡಿಮೆಯೆಂದರು, ಒಲೆಗೆ ಹತ್ತಿಕಟ್ಟಿಗೆ ಹೆಚ್ಚು ಹೋಗುತ್ತದೆಂದರು. ಹದಿನೈದು ದಿನ ಕೇಳಿದ ಅತ್ತೆಯವರು ಹದಿನಾರನೆಯ ದಿನ ಮಾವನವರ ತಾಟು ಟಣ್ಣನೆ ಇಟ್ಟು ಹೇಳಿದರು: "ಆ ಗಿಡಾ ಕಡಸ್ರಿ. ಇಲ್ಲಂದ್ರ ನಾನs ಬಸ್ ಹತ್ತಿ ಹೊಕ್ಕೀನಿ. ಗಿಡದ ಮರಿಗಿ ಯಾರಿಗೂ ಕಾಣೂದೂ ಇಲ್ಲ."

ಹೀಗೆ ಮಾವನವರಿಗೆ ಒಮ್ಮೆಲೇ ಅಕ್ಕನ ಮೇಲೆ ಪ್ರೀತಿ ಉಕ್ಕಿ ಬಂತು; ಹಿರಿಯರನ್ನು ಕರೆಸಿದರು.

ಹಿರಿಯರು ಮೂವರು. ಊರ ಗೌಡರು, ಶಾಲೆಯಿಂದ ನಿವೃತ್ತರಾದ ಮಾಸ್ತರು, ಗಾದಿ ಹೊಲಿಯುವ ಮುದುಕ ಸಾಹೇಬರು. ಅವರಿಗೆ ಚಹಾ ಕೊಟ್ಟವಳು ನಾನಾದ್ದರಿಂದ ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿದೆ. ಮೂವರೂ ಒಬ್ಬೊಬ್ಬರಾಗಿ ಅಕ್ಕಾರು ಕೂರುವ ಜಾಗದಲ್ಲಿ ಕೂತು, ಕಣ್ಣು ಕಿರಿದು ಮಾಡಿ, ಬನ್ನಿಯನ್ನು ನೋಡಿ ತಲೆದೂಗಿದರು. ಹೆಣ್ಣು ನೋಡಲು ಬಂದವರೂ ಅಷ್ಟು ಹೊತ್ತು ನೋಡುವುದಿಲ್ಲ.

"ಗಾಳಿ ಬರತೈತಿ. ಬೆಳಕೂ ಬರತೈತಿ. ಬರಲಾರದ್ದು ಏನs ತಂಗಿ?" ಎಂದರು ಗೌಡರು.

"ಬಸ್ಸು" ಎಂದರು ಅಕ್ಕಾರು.

"ಬಸ್ಸಿನ ಸಪ್ಪಳ ಕೇಳತೈತಲ್ಲ?"

"ಸಪ್ಪಳದಾಗ ಮಂದಿ ಗುರ್ತ ಸಿಗತೈತೇನ್ರಿ ಗೌಡ್ರ?"

ಕಾಕಾ ಕೈ ಕಟ್ಟಿಕೊಂಡು, ಅಂದೇ ದೀಕ್ಷೆ ತೆಗೆದುಕೊಂಡವರಂತೆ ಮೆತ್ತಗೆ ಹೇಳಿದರು: "ಬನ್ನಿ ಅಂದ್ರ ದೇವರ ಗಿಡರಿ. ದಸರಾದಾಗ ಪೂಜಿ ಮಾಡೂ ಗಿಡಕ್ಕ ಕೊಡ್ಲಿ ಹಚ್ಚಲೇನ್ರಿ? ನನ್ನ ಕೈಲೆ ಆಗೂದಿಲ್ಲ."

"ಇಪ್ಪತ್ತು ವರ್ಷ ಹಚ್ಚಿದೆಲ್ಲೋ!" ಅಕ್ಕಾರು ಕಟ್ಟೆಯ ಮೇಲೆಯೇ ಸೆಟೆದು ಕೂತರು. "ಆವಾಗ ದೇವರು ಎಲ್ಲಿಗಿ ಹೋಗಿದ್ದ? ಪರಸ್ಥಳಕ್ಕೇನು?"

ಮಾಸ್ತರು ಒಂದು ಉಪಾಯ ಸೂಚಿಸಿದರು. ಅಕ್ಕಾರು ಕಟ್ಟೆಯಿಂದ ಇಳಿದು ಕೆಳಗೆ ಕೂತರೆ ಟೊಂಗೆಗಳ ಅಡಿಯಿಂದ ಒಂದಷ್ಟು ಕಾಣಬಹುದು ಎಂದು. ಅಕ್ಕಾರು ಅವರನ್ನು ನೋಡಿದ ನೋಟಕ್ಕೆ ಮಾಸ್ತರು ಚಹಾದ ಬಸಿಯೊಳಗೆ ಮುಖ ಇಟ್ಟರು. ಕೊನೆಗೆ ದಾರಿ ತೋರಿಸಿದವರು ಸಾಹೇಬರು. "ದೇವರ ಗಿಡಕ್ಕ ಕೊಡ್ಲಿ ಹಚ್ಚಬಾರದು, ಬರೋಬರಿ ಮಾತು. ಆದ್ರ ಆಡು ತಿಂದ್ರ ದೇವರು ಬ್ಯಾಡಂತಾನೇನು? ಆಡಿನ ಬಾಯಿ ಮುಟ್ಟೂತನಕ ಗಿಡ ಆಡಿಂದು. ಅದರ ಮ್ಯಾಲಿಂದು ಮಾಲಕಂದು. ಮುಗೀತು."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆಡಿಗೆ ಮಾತ್ರ ಹಬ್ಬವಾಯಿತು. ಮಾವನವರು ಮುಂದಿನ ಸಂತೆಗೆ ಸಂಶಿಗೆ ಹೋಗಿ ಆಡು ತಂದರು. ಆಡು ಕೊಳ್ಳುವವರು ಹಲ್ಲು ನೋಡುತ್ತಾರೆ, ಕೆಚ್ಚಲು ನೋಡುತ್ತಾರೆ. ಮಾವನವರು ಎತ್ತರ ನೋಡಿದರಂತೆ. ಮಾರುವವನ ಎದುರಿಗೇ ಆಡಿನ ಕುತ್ತಿಗೆಗೆ ಗೇಣು ಹಾಕಿ ಅಳೆದರೆಂದು ಜೊತೆಗೆ ಹೋದವರು ತಿಂಗಳುಗಟ್ಟಲೆ ಹೇಳಿಕೊಂಡು ನಕ್ಕರು. ಹಾಲು ಹನಿಯಷ್ಟೂ ಕೊಡದ ಆ ಉದ್ದ ಕಾಲಿನ ಆಡು ದಿನವೂ ಬನ್ನಿಯ ಕೆಳಗೆ ಕತ್ತು ಚಾಚಿ ಚಾಚಿ ತಿಂದಿತು. ಒಂದು ತಿಂಗಳಲ್ಲಿ ಗಿಡದ ಕೆಳಗಂಚು ದಾರ ಹಿಡಿದು ಕತ್ತರಿಸಿದಂತೆ ನೇರವಾಯಿತು. ಈಗ ಕಟ್ಟೆಯ ಮೇಲಿಂದ ನೋಡಿದರೆ ಆಚೆ ಬಸ್ಸಿನ ಗಾಲಿಗಳು ಕಾಣುತ್ತಿದ್ದವು. ಇಳಿದವರು ಮೊಣಕಾಲಿನವರೆಗೆ ಕಾಣುತ್ತಿದ್ದರು. ಅದರ ಮೇಲೆ ಬನ್ನಿ.

ಆ ದಸರೆಯಲ್ಲಿ ನಮ್ಮ ಕಡೆಯ ರೂಢಿಯಂತೆ ಊರಿಗೆ ಊರೇ ಬನ್ನಿ ಕೊಟ್ಟು ತೆಗೆದುಕೊಂಡಿತು. ಎಂಥ ವೈರಿಯಾದರೂ ಆ ದಿನ ಎಲೆ ಕೊಟ್ಟು ಒಳ್ಳೆಯ ಮಾತಾಡಲೇಬೇಕು. ಕಾಕಾ ಬಂದು ಅದೇ ಗಿಡದ ಎಲೆಯನ್ನು ಮಾವನವರ ಕೈಗಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎಂದರು. ಮಾವನವರೂ "ಬಂಗಾರದಂಗ ಇರೂಣು" ಎಂದು ಅಪ್ಪಿಕೊಂಡರು. ಮರುದಿನ ಬೆಳಿಗ್ಗೆ ಆಡು ಒಂದು ಟೊಂಗೆ ಹೆಚ್ಚು ಜಗ್ಗಿತೆಂದು ಇಬ್ಬರೂ ಒಬ್ಬರ ವಂಶವನ್ನು ಇನ್ನೊಬ್ಬರು ತೊಳೆದರು.

ಅಕ್ಕಾರು ಮಾತ್ರ ಸಿಕ್ಕಷ್ಟರಲ್ಲಿ ದುಡಿಯಲು ಕೂತರು. ಎರಡು ತಿಂಗಳಲ್ಲಿ ಇಡೀ ಊರನ್ನು ಕಾಲಿನಿಂದ ಗುರುತು ಹಿಡಿಯುವುದನ್ನು ಕಲಿತರು. ಸುಳ್ಳು ಹೇಳುತ್ತಿಲ್ಲ, ನಾನೇ ಪರೀಕ್ಷೆ ಮಾಡಿದ್ದೇನೆ. ಮಾಸ್ತರು ಹಿಮ್ಮಡಿ ಊರಿದ ಮೇಲೆ ಸ್ವಲ್ಪ ಯೋಚಿಸಿ ಬೆರಳು ಊರುತ್ತಿದ್ದರಂತೆ. ಗೌಡರ ಕಿರಿಯ ಮಗ ಊರಿಗೆ ಬಂದಾಗ ಬೂಟು, ಸಾಲ ಕೇಳಲು ಬಂದಾಗ ಹವಾಯಿ ಚಪ್ಪಲಿ. "ಯಾರಬೇ ಅಕಿ, ಕಾಲುಂಗರ ತಗದು ಬಂದಾಳಲ್ಲ?" ಎಂದರೆ ಸಂಜೆಯೊಳಗೆ ಆ ಮನೆಯ ಜಗಳ ಹೊರಬೀಳುತ್ತಿತ್ತು. ಮುಖ ಸುಳ್ಳು ಹೇಳುತ್ತದೆ, ಕಾಲು ಹೇಳುವುದಿಲ್ಲ ಎಂದು ಅವರು ಹೊಸ ಶಾಸ್ತ್ರವನ್ನೇ ಹೊರಡಿಸಿದರು. ಮಳೆಗಾಲದಲ್ಲಿ ಮಾತ್ರ ಶಾಸ್ತ್ರ ಕೈಕೊಡುತ್ತಿತ್ತು. ಎರೆ ಮಣ್ಣು ಮೆತ್ತಿ ಎಲ್ಲರ ಕಾಲೂ ಆನೆಯ ಕಾಲಾಗಿ, ಗೌಡರೂ ಆಳೂ ಒಂದೇ ಸಮ ಕಾಣುತ್ತಿದ್ದರು. ನೆಲ ಒಣಗಿದೊಡನೆ ಕಚೇರಿ ಮತ್ತೆ ತೆರೆಯುತ್ತಿತ್ತು. ಹೆಂಗಸರು ಮತ್ತೆ ಬರತೊಡಗಿದರು. ನಗಲಿಕ್ಕಲ್ಲ, ಕೇಳಲಿಕ್ಕೆ.

ಇಷ್ಟೆಲ್ಲ ಗದ್ದಲದಲ್ಲಿ ಕಾಕಾನ ಮಗಳನ್ನು ನೆನೆದವರು ಯಾರೂ ಇರಲಿಲ್ಲ. ನಾಲ್ಕು ದಿನವೆಂದು ಬಂದವಳಿಗೆ ಎರಡು ವರ್ಷ ದಾಟಿತ್ತು. ಒಂದೆರಡು ಸಲ ಕಾಕಾ ಹೇಳಿ ಕಳಿಸಿದ್ದರು. ಆ ಕಡೆಯಿಂದ "ಬರತಾನ" ಎಂದು ಉತ್ತರ ಬಂದಿತ್ತು. ಬಸ್ಸು ನೋಡುವ ಅಗತ್ಯ ಊರಿನಲ್ಲಿ ಯಾರಿಗಾದರೂ ನಿಜವಾಗಿ ಇದ್ದರೆ ಅದು ಅವಳಿಗೆ. ಅವಳ ಮಾನ ಕಾಯಲೆಂದು ಅಪ್ಪ ಬೆಳೆಸಿದ ಗಿಡ ಅವಳ ಬಾಗಿಲಿಗೂ ಅಡ್ಡ ನಿಂತಿತ್ತು. ಮುಂದೆ ಬಂದು ಕೂರುವುದಕ್ಕೆ ಅಪ್ಪನ ಅಪ್ಪಣೆಯೂ ಇರಲಿಲ್ಲ.

ಒಂದು ಮಧ್ಯಾಹ್ನ ಅವಳು ಹಿತ್ತಲ ಬಾಗಿಲಿಂದ ನಮ್ಮ ಮನೆಗೆ ಬಂದಳು. ಕೈಯಲ್ಲಿ ಬಟ್ಟಲು. ಹೆಪ್ಪಿಗೆ ಮೊಸರು ಬೇಕೆಂದಳು. ಮೊಸರು ಇಸಿದುಕೊಂಡು ಮನೆಗೆ ಹೋಗದೆ ನೇರ ಕಟ್ಟೆಗೆ ಹೋಗಿ, ಮನೆಯ ಕಂಬದ ಮರೆಯಲ್ಲಿ ಅಕ್ಕಾರ ಹತ್ತಿರ ನಿಂತಳು.

"ನನ್ನ ಸುದ್ದಿ ಊರ ತುಂಬ ಮಾಡಿದ್ರಿ" ಎಂದಳು.

ಅಕ್ಕಾರು ಸೆರಗಿನಿಂದ ಕಟ್ಟೆಯ ಧೂಳು ಒರೆಸತೊಡಗಿದರು.

"ಆತು, ಅದು ಆಗಿಹೋತು. ಈಗ ನನ್ನದೊಂದು ಕೆಲಸ ಮಾಡ್ರಿ. ಅವರ ಎಡಗಾಲು ಚಕ್ಕಡಿ ಗಾಲಿಗಿ ಸಿಕ್ಕು ಮುರಿದಿತ್ತು. ನಡಿಯೂವಾಗ ಪಾದ ಹೊರಗ ಚೆಲ್ಲತೈತಿ. ಆ ಕಾಲು ಇಳಿದ್ರ ನನಗ ಹೇಳ್ರಿ."

"ಹೇಳತೀನವ್ವಾ" ಎಂದರು ಅಕ್ಕಾರು.

ಅಂದಿನಿಂದ ಮಧ್ಯಾಹ್ನದ ಬಸ್ಸಿನ ಹೊತ್ತಿಗೆ ಅವಳು ದಿನವೂ ಬಟ್ಟಲು ಹಿಡಿದು ಬಂದಳು. ಎರಡು ಎಮ್ಮೆ ಹಿಂಡುವ ಮನೆಯಲ್ಲಿ ದಿನಾ ಹೆಪ್ಪು ಕಡಿಮೆ ಬೀಳುತ್ತದೆಂಬುದನ್ನು ಓಣಿ ಮರುಮಾತಿಲ್ಲದೆ ನಂಬಿತು. ಅವಳು ನನ್ನ ಜೊತೆ ಒಲೆಯ ಮುಂದೆ ಕೂತು ಹಿಟ್ಟು ನಾದುತ್ತಿದ್ದಳು, ಕಾಳು ಆರಿಸುತ್ತಿದ್ದಳು. ಕಿವಿ ಮಾತ್ರ ಕಟ್ಟೆಯ ಕಡೆ. ಬಸ್ಸು ಬಂದು ಹೋದ ಮೇಲೆ ಅಕ್ಕಾರು ಒಳಗೆ ಮುಖ ಹಾಕಿ, "ಇವತ್ತ ಇಲ್ಲವ್ವಾ" ಎನ್ನುತ್ತಿದ್ದರು. ಅವಳು ಬಟ್ಟಲು ಎತ್ತಿಕೊಂಡು ಹೋಗುತ್ತಿದ್ದಳು. ಅಕ್ಕಾರ ಮೇಲಿನ ನನ್ನ ಸಿಟ್ಟು ಕಡಿಮೆಯಾದದ್ದು ಆ ತಿಂಗಳುಗಳಲ್ಲಿ. ಆ ಕಾಲನ್ನು ಅವರು ನಮ್ಮೆಲ್ಲರಿಗಿಂತ ಶ್ರದ್ಧೆಯಿಂದ ಕಾಯುತ್ತಿದ್ದರು.

ಜೋಳ ತೆನೆ ಹಿಡಿದಿದ್ದ ದಿನಗಳು. ಸಂತೆಯ ದಿನವಾದ್ದರಿಂದ ಗಂಡಸರು ಬಹಳ ಮಂದಿ ಸಂಶಿಗೆ ಹೋಗಿದ್ದರು. ಕಾಕಾ ಹೊಲದಲ್ಲಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ, ಅವಳು ಬೇಯಿಸುತ್ತಿದ್ದಳು. ಬಸ್ಸಿನ ಸಪ್ಪಳ ಬಂತು, ನಿಂತಿತು. ಆಮೇಲೆ ಅಕ್ಕಾರ ಧ್ವನಿ ಸಂಶಿಯವರೆಗೆ ಕೇಳುವಂತೆ ಎದ್ದಿತು:

"ಬಂದಾನ! ಬಂದಾನಬೇ! ಎಡಗಾಲು ಚೆಲ್ಲಾಕತ್ತೈತಿ! ಇಳದ, ಇಳದ!"

ಹುಡುಗಿ ಎದ್ದು ನಿಂತಳು. ಹೊರಗೆ ಓಡಲಿಲ್ಲ. "ಹಿಂಗ ಹೆಂಗ ಹೋಗಲಿ? ಮಾರಿಗಿ ಹಿಟ್ಟು ಹತ್ತೈತಿ" ಎಂದು ಬಚ್ಚಲಿಗೆ ಹೋಗಿ ಮುಖದ ಮೇಲೆ ನೀರು ಸುರುವಿಕೊಂಡಳು. ನನ್ನ ಕನ್ನಡಿ, ಬಾಚಣಿಕೆ, ಕುಂಕುಮ ಎಲ್ಲಿ ಎಂದು ಕೇಳಿದಳು. ಅಲ್ಲೇ ಗೂಡಿನಲ್ಲಿದೆ ಎಂದು ಕೈ ತೋರಿಸಿ ನಾನು ಹೊರಗೆ ಓಡಿದೆ. ಅವಳ ಜಡೆ ಹಾಕಿಕೊಡಲು ನಿಲ್ಲಬಹುದಿತ್ತು. ಅದು ಹೊಳೆಯಲಿಲ್ಲ. ಹಿಟ್ಟಿನ ಕೈಯಲ್ಲೇ ಓಡಿದೆ.

ನಾನು ಹೊರಗೆ ಬರುವಷ್ಟರಲ್ಲಿ ಓಣಿಯೂ ಹೊರಗೆ ಬಂದಿತ್ತು. ಮೊರ ಹಿಡಿದವರು, ಕೂಸು ಎತ್ತಿಕೊಂಡವರು, ಉಣ್ಣುತ್ತಿದ್ದ ಕೈ ತೊಳೆಯದೆ ಬಂದವರು. ಮಾವನವರು ಧೋತರ ಸರಿಮಾಡಿಕೊಳ್ಳುತ್ತ ಬಂದು ಎಲ್ಲರಿಗೂ ಕಾಣುವಂತೆ ಬದಿಗೆ ನಿಂತರು. ಮಗಳನ್ನು ಮುಚ್ಚಿಟ್ಟ ವೈರಿಯ ಮನೆಯ ತಮಾಷೆ ಅವರಿಗೆ ಊಟಕ್ಕಿಂತ ರುಚಿ. ಅತ್ತೆಯವರು ಮಾಳಿಗೆ ಹತ್ತಿದರು, ಅಲ್ಲಿಂದ ಬನ್ನಿಯ ನೆತ್ತಿ ಮಾತ್ರ ಕಾಣುತ್ತದೆಂದು ಬೈಯುತ್ತ ಇಳಿದರು. ಒಟ್ಟಿನಲ್ಲಿ ಮೂವತ್ತು ನಲವತ್ತು ಮಂದಿ ನಮ್ಮ ಕಟ್ಟೆಯ ಮುಂದೆ ಗುಂಪುಗೂಡಿ ಬನ್ನಿಯ ಬುಡವನ್ನು ನೋಡುತ್ತ ನಿಂತೆವು.

ಕಾಲುಗಳು ಬಸ್ಸಿನ ಹತ್ತಿರದಿಂದ ಈ ಕಡೆಗೇ ಬಂದವು. ಹೊಸ ಚಪ್ಪಲಿ, ಇಸ್ತ್ರಿ ಮಾಡಿದ ಪ್ಯಾಂಟಿನ ತುದಿ. ಬಲಗಾಲು ನೇರ, ಎಡಗಾಲು ಹೊರಕ್ಕೆ. ಬನ್ನಿಯ ಆಚೆ ಬದಿಗೆ ಬಂದು ನಿಂತವು. ನಮ್ಮ ಸಪ್ಪಳ ಕೇಳಿಸಿರಬೇಕು.

ನಮ್ಮ ಕಡೆ ಮನೆಗೆ ಅಳಿಯ ಬಂದರೆ, ಅಳಿಯನೇಕೆ, ದಾರಿಹೋಕ ಬಂದರೂ, ಮೊದಲ ಮಾತು "ಬರ್ರಿ, ಕಾಲಿಗೆ ನೀರು ತಗೋರ್ರಿ" ಎಂಬುದು. ಒಂದು ತಂಬಿಗೆ ನೀರು ಕೊಡದೆ ಯಾರನ್ನೂ ಏನೂ ಕೇಳುವುದಿಲ್ಲ. ಆ ದಿನ ನಲವತ್ತು ಮಂದಿ ಆ ಎರಡು ಕಾಲುಗಳನ್ನು ಕಣ್ಣು ಮಿಟುಕಿಸದೆ ನೋಡಿದೆವು, ಒಬ್ಬರೂ ನೀರು ತರಲಿಲ್ಲ. ಗುಂಪಿನಲ್ಲಿ ಯಾರೋ, "ಕರಕೊಂಡು ಹೋಗಾಕ ಬಂದಾನೋ, ಕಡಕೊಂಡು ಹೋಗಾಕ ಬಂದಾನೋ?" ಎಂದು ಕೇಳಿದರು. ಪಿಸುಮಾತಲ್ಲ, ಗಟ್ಟಿಯಾಗಿಯೇ. ಇನ್ಯಾರೋ ನಕ್ಕರು. ನಗು ಒಬ್ಬರಿಂದ ಒಬ್ಬರಿಗೆ ಹಬ್ಬಿತು.

ಎಡಗಾಲು ಮೊದಲು ತಿರುಗಿತು, ಆಮೇಲೆ ಬಲಗಾಲು. ಬಂದಾಗಿನದಕ್ಕಿಂತ ಜೋರಾಗಿ ಬಸ್ಸಿನ ಕಡೆ ನಡೆದವು. ಮೆಟ್ಟಿಲ ಮೇಲೆ ಒಂದು ಚಪ್ಪಲಿ ಕಂಡಿತು, ಆಮೇಲೆ ಅದೂ ಇಲ್ಲ. ಕಂಡಕ್ಟರ ಗಂಟೆ ಬಾರಿಸಿದ.

ಅಷ್ಟು ಹೊತ್ತಿಗೆ ಅವಳು ಹೊರಗೆ ಬಂದಳು. ಒದ್ದೆ ಮುಖ, ನೆಟ್ಟಗೆ ತೆಗೆದ ಬೈತಲೆ, ಹಣೆಯ ತುಂಬ ಹೊಸ ಕುಂಕುಮ. ಗುಂಪು ಈಗ ದಾರಿ ಬಿಟ್ಟಿತು. ಅವಳಿಗೆ ಕಂಡದ್ದು ಧೂಳು.

ಅಳುತ್ತಾಳೆಂದು ನಾವೆಲ್ಲ ಕಾದೆವು. ಅದಕ್ಕೂ ಕಾಯುವ ಮಂದಿ ನಾವು. ಅವಳು ಅಳಲಿಲ್ಲ. ಎಲ್ಲರ ಕಡೆ ತಿರುಗಿ, "ಕೈಯಾಗ ಏನಿತ್ತು?" ಎಂದು ಕೇಳಿದಳು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲರಿಗೂ ಒಟ್ಟಿಗೆ ಅರ್ಥವಾಯಿತು. ಕರೆಯಲು ಬರುವ ಗಂಡ ಬರಿಗೈಯಲ್ಲಿ ಬರುವುದಿಲ್ಲ. ಸೀರೆ, ಖಣ, ಹೂವು ತರುತ್ತಾನೆ. ಬಿಡಲು ಬರುವವನು ಸಹಿ ಹಾಕಿಸುವ ಕಾಗದ ತರುತ್ತಾನೆ. ಅವಳು ಕೇಳಿದ್ದು ಅದನ್ನು. ಉತ್ತರಕ್ಕೇನು ಬರ? ಒಬ್ಬಳು ಸೀರೆಯ ಗಂಟು ಇತ್ತೆಂದಳು, ಕೆಂಪು ಅಂಚು ಕಂಡಿತೆಂದಳು. ಇನ್ನೊಬ್ಬಳು ಬರಿಗೈ ಎಂದಳು. ಮಾವನವರು ಲಕೋಟೆ ಇದ್ದಂತಿತ್ತು ಎಂದರು. ಬನ್ನಿಯ ಮೇಲೆ ಆಣೆ ಇಟ್ಟು ಹೇಳಲು ಎಲ್ಲರೂ ತಯಾರು.

ಅವಳು ಯಾರ ಮಾತನ್ನೂ ಕೇಳದೆ ಅಕ್ಕಾರ ಮುಂದೆ ನಿಂತಳು. "ನೀವು ಹೇಳ್ರಿ."

ಅಕ್ಕಾರು ಕಟ್ಟೆಯ ಅಂಚು ಹಿಡಿದುಕೊಂಡಿದ್ದರು. "ಮೊಣಕಾಲತನಕ ಕಂಡಿತವ್ವಾ" ಎಂದರು. "ಕೈ ಕಾಣಲಿಲ್ಲ."

ಮರುದಿನ ಬಂದ ಕಂಡಕ್ಟರನನ್ನು ನನ್ನ ಗಂಡನ ಕಡೆಯಿಂದ ಕೇಳಿಸಿದೆ. "ನಾ ಟಿಕೀಟ ನೋಡತೀನ್ರಿ, ಮಂದಿ ಕೈ ನೋಡೂದಿಲ್ಲ" ಎಂದನಂತೆ. ಇಡೀ ಊರಿನಲ್ಲಿ ತನ್ನ ಕೆಲಸ ತಾನು ನೋಡಿಕೊಂಡವನು ಅವನೊಬ್ಬನೇ. ಕಾಕಾ ತಾವೇ ಕುಬಿಹಾಳಕ್ಕೆ ಹೋದರು. ಅಳಿಯ ಭೆಟ್ಟಿಯಾಗಲಿಲ್ಲ. "ನಮ್ಮ ಹುಡುಗನ್ನ ಊರ ಮಂದಿ ಮುಂದ ನಗಿಗೇಡ ಮಾಡೀರಿ" ಎಂದು ಅವನ ತಾಯಿ ಬಾಗಿಲಲ್ಲೇ ಮಾತು ಮುಗಿಸಿದಳಂತೆ. ಆತ ಏನು ತಂದಿದ್ದ ಎಂದು ಕೇಳುವ ಧೈರ್ಯ ಕಾಕಾನಿಗೆ ಆಗಲಿಲ್ಲ.

ತಿರುಗಿ ಬಂದವರು ಜಂತಿಯಿಂದ ಕೊಡಲಿ ಇಳಿಸಿ, ಬನ್ನಿಯನ್ನು ಒಂದೇ ಮಧ್ಯಾಹ್ನದಲ್ಲಿ ಮೊದಲಿನ ಕಂಬ ಮಾಡಿದರು. ದೇವರ ಗಿಡವೆಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಮಾವನವರು ಕೊನೆಗೂ ನ್ಯಾಯ ಸಿಕ್ಕಿತೆಂದು ಹಿರಿಯರಿಗೆ ಮತ್ತೊಮ್ಮೆ ಚಹಾ ಕುಡಿಸಿದರು. ಅಕ್ಕಾರಿಗೆ ಮತ್ತೆ ನೆತ್ತಿಯಿಂದ ಹಿಮ್ಮಡಿಯವರೆಗೆ ಇಡೀ ಮನುಷ್ಯರು ಕಾಣತೊಡಗಿದರು. ಕೇಳಿದವರಿಗೆ ಹೇಳುತ್ತಿದ್ದರು, ಕೇಳದಿದ್ದರೆ ಇಲ್ಲ.

ಅವಳು ಈಗ ನಮ್ಮ ಮನೆಗೆ ಹೆಪ್ಪು ಕೇಳಲು ಬರಲಿಲ್ಲ. ಬಸ್ಸಿನ ಹೊತ್ತಿಗೆ ತಮ್ಮ ಬಾಗಿಲ ಮುಂದೆಯೇ ಬಂದು ಕೂರುತ್ತಿದ್ದಳು. ಅಪ್ಪ ಒಳಗೆ ಹೋಗು ಎನ್ನಲಿಲ್ಲ. ನಡುವೆ ಯಾವ ಅಡ್ಡವೂ ಇರಲಿಲ್ಲ, ಬರುವವರೆಲ್ಲ ಸ್ಪಷ್ಟವಾಗಿ ಕಾಣುತ್ತಿದ್ದರು. ಆತ ಮಾತ್ರ ಆಮೇಲೆ ಯಾವ ಬಸ್ಸಿಗೂ ಬರಲಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಕಾಗದ ಟಪಾಲಿನಲ್ಲಿ ಬಂತು. ಅವತ್ತು ಅವನ ಕೈಯಲ್ಲಿದ್ದದ್ದೂ ಆ ಕಾಗದವೇ, ಅಥವಾ ಸೀರೆ ತಂದವನು ನಮ್ಮ ನಗು ಕೇಳಿ ಆಮೇಲೆ ಕಾಗದ ಬರೆಸಿದನೇ ಎಂಬುದು ಅವಳಿಗೆ ಎಂದೂ ತಿಳಿಯಲಿಲ್ಲ.

ಒಮ್ಮೆ ಬಾವಿಯ ಹತ್ತಿರ ನಾವಿಬ್ಬರೇ ಇದ್ದಾಗ ಅವಳು ಹಗ್ಗ ಸುತ್ತುತ್ತ ಕೇಳಿದಳು: "ನೀ ಎಲ್ಲಾರಕಿಂತ ಮುಂದ ನಿಂತಿದ್ದಿ ಅಂತ. ನಿನಗರ ಕಂಡಿರಬೇಕಲ್ಲ?"

ಇಲ್ಲ ಎಂದೆ. ನಿಜವನ್ನೇ ಹೇಳಿದೆ. ಬನ್ನಿಯನ್ನು ಸುತ್ತಿ ಹತ್ತು ಹೆಜ್ಜೆ ಆಚೆ ಹೋಗಿದ್ದರೆ ಕೈ ಕಾಣುತ್ತಿತ್ತು, ಮುಖವೂ ಕಾಣುತ್ತಿತ್ತು, "ಬರ್ರಿ" ಎನ್ನಲೂ ಬರುತ್ತಿತ್ತು. ನಾನು ಹೋಗಲಿಲ್ಲ. ನಿಂತಲ್ಲಿಂದಲೇ ನನಗೆ ತಮಾಷೆ ಚೆನ್ನಾಗಿ ಕಾಣುತ್ತಿತ್ತು.